ಕಿಗ್ಗದ ಮಳೆದೇವರು ಜಪಾನಿನ ರಂಗದ ಮೇಲೆ: ಪುರಾಣದಿಂದ ಹುಟ್ಟಿದ ಕಲ್ಪಿತ ಲೋಕಗಳು

ಬೆಂಗಳೂರಿನ ನಗರ್ತಪೇಟೆಗೆ ಹೊಂದಿಕೊಂಡಿರುವ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಚೈತ್ರ ಪೂರ್ಣಿಮೆಯ ರಾತ್ರಿ ಕರಗ ಹೊರಡುತ್ತದೆ. ಅದಕ್ಕೆ ಆಧಾರವಾದ ಕಥೆ ವ್ಯಾಸಭಾರತದಲ್ಲಿ ಇಲ್ಲ. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟಾಗ ಹಿಂದೆ ಉಳಿದ ದ್ರೌಪದಿಯನ್ನು ತಿಮಿರಾಸುರನೆಂಬ ರಾಕ್ಷಸನು ಕಾಡಿದನೆಂದೂ, ಆಕೆ ಆದಿಶಕ್ತಿಯ ರೂಪ ತಾಳಿ ವೀರಕುಮಾರರನ್ನು ಸೃಷ್ಟಿಸಿ ಅವನನ್ನು ಸಂಹರಿಸಿದಳೆಂದೂ ತಿಗಳ ಸಮುದಾಯದ ಪರಂಪರೆ ಹೇಳುತ್ತದೆ. ತಮ್ಮನ್ನು ಬಿಟ್ಟು ಹೋಗಬಾರದೆಂದು ವೀರಕುಮಾರರು ಬೇಡಿಕೊಂಡಾಗ ವರ್ಷಕ್ಕೊಮ್ಮೆ ಬಂದು ಹೋಗುವುದಾಗಿ ಆಕೆ ಮಾತು ಕೊಟ್ಟಳಂತೆ. ಮಹಾಕಾವ್ಯವು ಕಥೆ ಮುಗಿಸಿದ ಕಡೆಯಲ್ಲಿ ಒಂದು ಸಮುದಾಯವು ಹೊಸ ಅಧ್ಯಾಯವನ್ನು ಸೇರಿಸಿ, ಅದನ್ನು ತನ್ನ ಪೇಟೆಯ ಬೀದಿಗಳಿಗೆ ತಂದುಕೊಂಡಿದೆ.

ಹಳೆಯ ಕಥೆಗೆ ಹೊಸ ಅಧ್ಯಾಯ ಸೇರಿಸುವ ಈ ಕ್ರಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ, ಇಂದಿನ ನಗರವಾಸಿ ಯುವಜನರು ಅಪಾರ ಆಸಕ್ತಿಯಿಂದ ನೋಡುತ್ತಿರುವ ಜಪಾನೀ ಕಲ್ಪಿತ ಲೋಕಗಳು ಹೇಗೆ ರೂಪುಗೊಂಡವೆಂಬುದು ಸುಲಭವಾಗಿ ತಿಳಿಯುತ್ತದೆ. ಮಾಂಗಾ ಎಂಬ ಚಿತ್ರಕಥೆಗಳು, ಅನಿಮೆ ಚಲನಚಿತ್ರಗಳು, ವಿಡಿಯೋ ಗೇಮ್‌ಗಳು, ಅವುಗಳಿಗೂ ಮೊದಲಿನ ನೋ ಮತ್ತು ಕಬುಕಿ ನಾಟಕಗಳು ಎಲ್ಲವೂ ಪ್ರಾಚೀನ ಜಪಾನಿನ ಇತಿಹಾಸ ಹಾಗೂ ಪುರಾಣಗಳನ್ನು ಬಗೆದು ತಮ್ಮ ಲೋಕವನ್ನು ಕಟ್ಟಿಕೊಂಡಿವೆ. ಆ ಲೋಕದಲ್ಲಿ ಮಲೆನಾಡಿನ ಜನರು ಮಳೆದೇವರೆಂದು ಪೂಜಿಸುವ ಒಬ್ಬ ಮುನಿಯೂ ಇದ್ದಾನೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಎರಡು ಮೂಲಗ್ರಂಥಗಳು

ಜಪಾನೀ ಪುರಾಣಕ್ಕೆ ಮುಖ್ಯ ಆಧಾರ ಎರಡು ಗ್ರಂಥಗಳು. ಮೊದಲನೆಯದು ಕ್ರಿ.ಶ. 712ರಲ್ಲಿ ಓ ನೊ ಯಸುಮಾರೊ ಸಿದ್ಧಪಡಿಸಿ ರಾಜಸಭೆಗೆ ಒಪ್ಪಿಸಿದ 'ಕೊಜಿಕಿ'. ಎರಡನೆಯದು 720ರಲ್ಲಿ ಪೂರ್ಣಗೊಂಡ 'ನಿಹೊನ್ ಶೋಕಿ'. ಎರಡರಲ್ಲೂ ದೇವತೆಗಳ ವಂಶಾವಳಿಯು ಮುಂದುವರಿದು ರಾಜವಂಶದ ಚರಿತ್ರೆಯಾಗುತ್ತದೆ. ಸೂರ್ಯದೇವಿ ಅಮತೆರಾಸು ಈ ವಂಶದ ಮೂಲಪುರುಷರ ಸಾಲಿನಲ್ಲಿ ಅಗ್ರಸ್ಥಾನ ಪಡೆದವಳು.

ಈ ಗ್ರಂಥಗಳ ಎರಡು ಪ್ರಸಂಗಗಳು ಮುಂದಿನ ಕಥೆಗಾರರಿಗೆ ಅಕ್ಷಯಪಾತ್ರೆಯಂತೆ ಒದಗಿವೆ. ತಮ್ಮನಾದ ಸುಸನೊನ ಹಾವಳಿಯಿಂದ ಬೇಸತ್ತ ಅಮತೆರಾಸು ಗುಹೆಯೊಳಗೆ ಅಡಗಿಕೊಂಡಾಗ ಲೋಕವೆಲ್ಲ ಕತ್ತಲಾಗುತ್ತದೆ. ಅಮೆ ನೊ ಉಜುಮೆ ಎಂಬ ದೇವತೆಯ ನೃತ್ಯವನ್ನು ಕಂಡು ಉಳಿದ ದೇವತೆಗಳು ಗಹಗಹಿಸಿ ನಗುತ್ತಾರೆ, ಆ ನಗುವಿನ ಕಾರಣ ತಿಳಿಯಲು ಇಣುಕಿದ ದೇವಿಯನ್ನು ಹೊರಕ್ಕೆ ಕರೆತರುತ್ತಾರೆ. ಇನ್ನೊಂದು ಪ್ರಸಂಗದಲ್ಲಿ ಸ್ವರ್ಗದಿಂದ ಹೊರದಬ್ಬಿಸಿಕೊಂಡ ಸುಸನೊ ಭೂಮಿಗೆ ಬಂದು, ಕನ್ಯೆಯರನ್ನು ನುಂಗುತ್ತಿದ್ದ ಎಂಟು ಹೆಡೆಗಳ ಒರೊಚಿ ಎಂಬ ಮಹಾಸರ್ಪಕ್ಕೆ ಎಂಟು ತೊಟ್ಟಿಗಳಲ್ಲಿ ಮದ್ಯವನ್ನಿಟ್ಟು, ಅದು ಕುಡಿದು ಮಲಗಿದಾಗ ಕತ್ತರಿಸಿ ಹಾಕುತ್ತಾನೆ. ಅದರ ಬಾಲದಿಂದ ದೊರೆತ ಖಡ್ಗವು ರಾಜಲಾಂಛನಗಳಲ್ಲಿ ಒಂದಾಯಿತೆಂದು ಪುರಾಣ ಹೇಳುತ್ತದೆ.

ತೆರೆಯ ಮೇಲಿನ ದೇವತೆಗಳು

2006ರಲ್ಲಿ ಬಿಡುಗಡೆಯಾದ 'ಓಕಾಮಿ' ಎಂಬ ವಿಡಿಯೋ ಗೇಮ್‌ನಲ್ಲಿ ಆಟಗಾರನು ಬಿಳಿಯ ತೋಳದ ರೂಪ ತಾಳಿದ ಅಮತೆರಾಸುವಾಗಿಯೇ ಸಂಚರಿಸಿ, ಒರೊಚಿಯೊಡನೆ ಕಾದಾಡಬೇಕು. ಸೂರ್ಯದೇವಿ ತೋಳವಾದದ್ದು ಕೊಜಿಕಿಯಲ್ಲಿಲ್ಲ. 1999ರಿಂದ 2014ರವರೆಗೆ ಪ್ರಕಟವಾದ 'ನರುಟೊ' ಮಾಂಗಾದಲ್ಲಿ ಅಮತೆರಾಸು, ಸುಸನೊ ಹಾಗೂ ಚಂದ್ರದೇವ ತ್ಸುಕುಯೊಮಿ ಎಂಬ ಹೆಸರುಗಳು ಯೋಧರು ಪ್ರಯೋಗಿಸುವ ವಿದ್ಯೆಗಳ ಹೆಸರುಗಳಾಗಿವೆ. ನಮ್ಮ ಪುರಾಣದ ಆಗ್ನೇಯಾಸ್ತ್ರ, ವಾರುಣಾಸ್ತ್ರಗಳ ಕಲ್ಪನೆಗೆ ಇದು ದೂರವೇನಲ್ಲ.

ಹಯಾವೊ ಮಿಯಾಜಾಕಿ ಅವರ ಚಿತ್ರಗಳು ಬೇರೊಂದು ಮಾರ್ಗ ಹಿಡಿದಿವೆ. 1997ರ 'ಪ್ರಿನ್ಸೆಸ್ ಮೊನೊನೊಕೆ' ಚಿತ್ರದ ಕಾಲ ಮಧ್ಯಯುಗದ ಜಪಾನ್. ಅರಣ್ಯದ ದೇವತೆಗಳಿಗೂ ಕಬ್ಬಿಣ ಕರಗಿಸುವ ಊರಿಗೂ ನಡೆಯುವ ಹೋರಾಟ ಅದರ ವಸ್ತು. ಆ ಊರನ್ನು ಆಳುವ ಎಬೊಶಿ ಎಂಬಾಕೆ ಕಾಡನ್ನು ಕಡಿಯುವವಳು ಹೌದು. ಸಮಾಜ ಹೊರಗಿಟ್ಟ ಹೆಂಗಸರಿಗೂ ಕುಷ್ಠರೋಗಿಗಳಿಗೂ ಆಶ್ರಯ ಕೊಟ್ಟವಳೂ ಹೌದು. ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆಯು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಅಂತ್ಯಕ್ಕೆ ನಿಂತದ್ದನ್ನೂ, ಅದರ ಸುತ್ತ ನಡೆದ ಕಾಡು ಮತ್ತು ಜೀವನೋಪಾಯದ ವಾದಗಳನ್ನೂ ಬಲ್ಲ ಕರ್ನಾಟಕದ ಪ್ರೇಕ್ಷಕನಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ. 2001ರ 'ಸ್ಪಿರಿಟೆಡ್ ಅವೇ' ಚಿತ್ರದಲ್ಲಿ ಎಂಬತ್ತು ಲಕ್ಷ ದೇವತೆಗಳೆಂಬ ಜಪಾನೀ ನಂಬಿಕೆಯು ದೇವತೆಗಳ ಸ್ನಾನಗೃಹವೊಂದರ ರೂಪ ಪಡೆದಿದೆ. ಕಟ್ಟಡಗಳ ಅಡಿ ಮುಚ್ಚಿಹೋದ ನದಿಯೊಂದರ ದೇವತೆ ಅಲ್ಲಿನ ಮುಖ್ಯ ಪಾತ್ರಗಳಲ್ಲಿ ಒಂದು. ಈ ಚಿತ್ರಕ್ಕೆ 2002ರಲ್ಲಿ ಬರ್ಲಿನ್ ಚಿತ್ರೋತ್ಸವದ ಸ್ವರ್ಣ ಕರಡಿಯೂ 2003ರಲ್ಲಿ ಆಸ್ಕರ್ ಪ್ರಶಸ್ತಿಯೂ ದೊರೆತವು.

ಭಾರತದಿಂದ ಹೋದವರು

ಜಪಾನಿಗೆ ಬೌದ್ಧಧರ್ಮವು ಆರನೆಯ ಶತಮಾನದಲ್ಲಿ ಚೀನಾ ಮತ್ತು ಕೊರಿಯಾಗಳ ಮೂಲಕ ಪ್ರವೇಶಿಸಿತು. ಅದರೊಡನೆ ಭಾರತದ ದೇವತೆಗಳೂ ಹೆಸರು ಬದಲಿಸಿಕೊಂಡು ಹೋದರು. ಸರಸ್ವತಿ ಅಲ್ಲಿ ಬೆಂಜೈತೆನ್. ಆಕೆಯ ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯವಿದೆ. ವೈಶ್ರವಣನು ಬಿಶಾಮೊಂತೆನ್, ಮಹಾಕಾಲನು ದೈಕೊಕುತೆನ್, ಇಂದ್ರನು ತೈಶಾಕುತೆನ್, ಯಮನು ಎನ್ಮಾ. ದೈಕೊಕುತೆನ್ ಜಪಾನಿನಲ್ಲಿ ಅಕ್ಕಿಯ ಮೂಟೆಗಳ ಮೇಲೆ ನಿಂತು ನಗುವ ಸಂಪತ್ತಿನ ದೇವತೆ. ಮಹಾಕಾಲನ ರೌದ್ರ ಅವನಲ್ಲಿ ಉಳಿದಿಲ್ಲ. 'ನೊರಗಾಮಿ' ಎಂಬ ಮಾಂಗಾ ಹಾಗೂ ಅನಿಮೆಯಲ್ಲಿ ಬಿಶಾಮೊಂತೆನ್ ಸ್ತ್ರೀಯಾಗಿ ಕಾಣಿಸಿಕೊಂಡಿದ್ದಾಳೆ.

ದೇವತೆಗಳೊಡನೆ ಕಥೆಗಳೂ ಪ್ರಯಾಣ ಮಾಡಿದವು. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಸಿದ್ಧವಾದ 'ಕೊಂಜಾಕು ಮೊನೊಗತಾರಿಶೂ' ಎಂಬ ಬೃಹತ್ ಸಂಗ್ರಹವು ಇವುಗಳ ಭಂಡಾರ. 31 ಭಾಗಗಳ ಈ ಗ್ರಂಥದಲ್ಲಿ 28 ಭಾಗಗಳು ಇಂದಿಗೆ ಉಳಿದಿದ್ದು, ಸಾವಿರಕ್ಕೂ ಹೆಚ್ಚು ಕಥೆಗಳಿವೆ. ಮೊದಲ ಐದು ಭಾಗಗಳು 'ತೆನ್‌ಜಿಕು' ಅಂದರೆ ಭಾರತದ ಕಥೆಗಳಿಗೆ, ಮುಂದಿನ ಐದು ಚೀನಾಕ್ಕೆ, ಉಳಿದವು ಜಪಾನಿಗೆ ಮೀಸಲು. ಇದರ ಐದನೆಯ ಭಾಗದ ನಾಲ್ಕನೆಯ ಕಥೆ ಒಂದು ಕೊಂಬಿನ ಮುನಿಯದು. ಅವನ ಹೆಸರು ಇಕ್ಕಾಕು ಸೆನ್ನಿನ್. 'ಇಕ್ಕಾಕು' ಎಂದರೆ ಒಂದು ಕೊಂಬು, 'ಸೆನ್ನಿನ್' ಎಂದರೆ ಮುನಿ. ಸಂಸ್ಕೃತದ ಬೌದ್ಧ ಗ್ರಂಥ 'ಮಹಾವಸ್ತು'ವಿನಲ್ಲಿ ಬರುವ ಏಕಶೃಂಗನೇ ಇವನು. ರಾಮಾಯಣ, ಮಹಾಭಾರತಗಳಲ್ಲಿ ಅವನು ಋಷ್ಯಶೃಂಗ.

ಕಿಗ್ಗದ ಋಷ್ಯಶೃಂಗೇಶ್ವರ

ಋಷ್ಯಶೃಂಗನ ಆಶ್ರಮ ತಮ್ಮಲ್ಲಿತ್ತೆಂದು ಹೇಳುವ ಸ್ಥಳಗಳು ಭಾರತದಲ್ಲಿ ಹಲವು. ಕರ್ನಾಟಕದಲ್ಲಿ ಈ ಗೌರವ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ ಸೀಮೆಯದು. ಋಷ್ಯಶೃಂಗಗಿರಿಯೇ ಶೃಂಗಗಿರಿಯಾಗಿ, ಮುಂದೆ ಶೃಂಗೇರಿಯಾಯಿತೆಂಬುದು ಸ್ಥಳಪುರಾಣ. ಪಟ್ಟಣದ ನಡುವಿನ ಗುಡ್ಡದ ಮೇಲಿರುವ ಮಲಹಾನಿಕರೇಶ್ವರ ಲಿಂಗದಲ್ಲಿ ಅವನ ತಂದೆ ವಿಭಾಂಡಕ ಮುನಿ ಐಕ್ಯನಾದನೆಂದು ನಂಬಿಕೆಯಿದೆ. ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದ ಕಿಗ್ಗದಲ್ಲಿ, ಸಿರಿಮನೆ ಜಲಪಾತದ ದಾರಿಯಲ್ಲಿ, ಪತ್ನಿ ಶಾಂತೆಯೊಡನೆ ನೆಲೆಸಿದ ಋಷ್ಯಶೃಂಗೇಶ್ವರನ ದೇವಾಲಯವಿದೆ.

ಸುತ್ತಲಿನ ಜನರಿಗೆ ಇವನು ಮಳೆದೇವರು. ಮಳೆ ಬಾರದಿದ್ದರೆ ಬರಲೆಂದೂ, ಮಿತಿಮೀರಿದರೆ ನಿಲ್ಲಲೆಂದೂ ಇಲ್ಲಿ ಪೂಜೆ ಸಲ್ಲಿಸುವುದು ರೂಢಿ. 2019ರ ಜೂನ್‌ನಲ್ಲಿ ರಾಜ್ಯದ ಮುಜರಾಯಿ ಇಲಾಖೆಯು ತನ್ನ ದೇವಾಲಯಗಳಲ್ಲಿ ಮಳೆಗಾಗಿ ವಿಶೇಷ ಪೂಜೆ ನಡೆಸಲು ಆದೇಶಿಸಿದಾಗ ಪತ್ರಿಕೆಗಳಲ್ಲಿ ಪರ, ವಿರೋಧ ಎರಡೂ ಬಗೆಯ ಚರ್ಚೆ ನಡೆದಿತ್ತು. ಋಷ್ಯಶೃಂಗನ ಕಥೆಯು ನಮ್ಮಲ್ಲಿ ಇಂದಿಗೂ ಬರಗಾಲದ ಆತಂಕದೊಡನೆ ಬೆಸೆದುಕೊಂಡಿದೆ ಎಂಬುದಕ್ಕೆ ಇಂಥ ಸಂದರ್ಭಗಳೇ ಸಾಕ್ಷಿ.

ಮಳೆ ತಂದವನು, ಮಳೆ ತಡೆದವನು

ಮಹಾಭಾರತದ ವನಪರ್ವದಲ್ಲಿ ಕಥೆ ಹೀಗಿದೆ. ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದ, ತಲೆಯಲ್ಲಿ ಕೊಂಬುಳ್ಳ ಯುವಕ ಋಷ್ಯಶೃಂಗ. ಅಂಗದೇಶದ ರಾಜ ಲೋಮಪಾದನು ಬ್ರಾಹ್ಮಣರಿಗೆ ತಪ್ಪಿ ನಡೆದುದರಿಂದ ರಾಜ್ಯದಲ್ಲಿ ಮಳೆ ನಿಲ್ಲುತ್ತದೆ. ಪರಿಶುದ್ಧನಾದ ಈ ಮುನಿ ಕಾಲಿಟ್ಟರೆ ಮಳೆ ಬರುವುದೆಂದು ತಿಳಿದು ವೇಶ್ಯೆಯರನ್ನು ಕಳುಹಿಸಿ ಅವನನ್ನು ಕರೆತರಿಸುತ್ತಾರೆ; ಮಳೆ ಸುರಿಯುತ್ತದೆ; ರಾಜನು ಶಾಂತೆಯನ್ನು ಕೊಟ್ಟು ವಿವಾಹ ಮಾಡುತ್ತಾನೆ. ತಪ್ಪು ರಾಜನದು, ಪುಣ್ಯ ಮುನಿಯದು. ರಾಮಾಯಣದ ಬಾಲಕಾಂಡದಲ್ಲಿ ದಶರಥನ ಪುತ್ರಕಾಮೇಷ್ಟಿಯನ್ನು ನಡೆಸಿಕೊಡುವವನೂ ಇವನೇ.

ಪಾಲಿ ಭಾಷೆಯ ನಳಿನಿಕಾ ಜಾತಕದಲ್ಲಿ ಈ ತಕ್ಕಡಿ ವಾಲುತ್ತದೆ. ಮುನಿಯ ತಪಸ್ಸಿಗೆ ಅಂಜಿದ ಇಂದ್ರನು ಮೂರು ವರ್ಷ ಮಳೆಯನ್ನು ತಡೆದು, ಬರಕ್ಕೆ ಮುನಿಯೇ ಕಾರಣನೆಂದು ಕಾಶಿಯ ರಾಜನನ್ನು ನಂಬಿಸುತ್ತಾನೆ. ಐದನೆಯ ಶತಮಾನದ ಆದಿಯಲ್ಲಿ ಕುಮಾರಜೀವನು ಚೀನೀ ಭಾಷೆಗೆ ತಂದ 'ಮಹಾಪ್ರಜ್ಞಾಪಾರಮಿತಾ ಶಾಸ್ತ್ರ'ದಲ್ಲಿ ಅದು ಸಂಪೂರ್ಣ ತಿರುಗಿದೆ. ಮಳೆಯಲ್ಲಿ ಬೆಟ್ಟದ ದಾರಿ ಜಾರಿ ಬಿದ್ದ ಮುನಿಯು ಸಿಟ್ಟಿಗೆದ್ದು ಹನ್ನೆರಡು ವರ್ಷ ಮಳೆಯಾಗದಂತೆ ಶಪಿಸುತ್ತಾನೆ. ಜಪಾನಿನ ಕೊಂಜಾಕುವಿನಲ್ಲಿ ಅವನು ಮಳೆ ಸುರಿಸುವ ನಾಗರಾಜರನ್ನೇ ಹಿಡಿದು ನೀರಿನ ಪಾತ್ರೆಯೊಳಗೆ ಬಂಧಿಸುತ್ತಾನೆ. ಕೊನೆಗೆ ಸುಂದರಿಯೊಬ್ಬಳಿಗೆ ಮರುಳಾಗಿ ತಪಶ್ಶಕ್ತಿಯನ್ನು ಕಳೆದುಕೊಂಡು, ನಾಗರಾಜರು ಬಿಡಿಸಿಕೊಂಡು ಹೋದ ಮೇಲೆ, ಅವಳನ್ನು ಬೆನ್ನ ಮೇಲೆ ಹೊತ್ತು ರಾಜಧಾನಿಗೆ ನಡೆದು ಬರುತ್ತಾನೆ. ಜನ ನೋಡಿ ನಗುತ್ತಾರೆ.

ಒಂದೇ ಮುನಿ, ಒಂದೇ ಬರ, ಒಂದೇ ಹೆಣ್ಣು. ಆದರೆ ಒಂದು ಪರಂಪರೆಯಲ್ಲಿ ಮಳೆ ತಂದವನು ಇನ್ನೊಂದರಲ್ಲಿ ಮಳೆ ತಡೆದವನು. ಗೃಹಸ್ಥಾಶ್ರಮವನ್ನು ಗೌರವಿಸುವ ಕಾವ್ಯಕ್ಕೆ ಮುನಿಯ ವಿವಾಹವು ಮಂಗಳವಾಗಿ ಕಂಡಿತು. ವೈರಾಗ್ಯದಿಂದ ಜಾರುವ ಅಪಾಯವನ್ನು ಭಿಕ್ಷುಗಳಿಗೆ ತಿಳಿಸಬೇಕಾಗಿದ್ದ ಬೌದ್ಧ ಕಥೆಗಾರರಿಗೆ ಅದೇ ಘಟನೆ ಎಚ್ಚರಿಕೆಯ ದೃಷ್ಟಾಂತವಾಯಿತು.

ನೋ ಮತ್ತು ಕಬುಕಿ

ಕೊಂಜಾಕುವಿನ ನಂತರ ಈ ಮುನಿ ರಂಗವನ್ನೇರಿದನು. ಕೊಂಪಾರು ಜೆನ್ಪೊ ರಚಿಸಿದನೆಂದು ಹೇಳಲಾಗುವ 'ಇಕ್ಕಾಕು ಸೆನ್ನಿನ್' ನೋ ನಾಟಕದ ಕ್ರಿಯೆ ನಡೆಯುವುದು ವಾರಾಣಸಿಯ ರಾಜ್ಯದಲ್ಲಿ. ಮುನಿಯು ನಾಗದೇವತೆಗಳನ್ನು ಬಂಡೆಯ ಗುಹೆಯಲ್ಲಿ ಸೆರೆಹಿಡಿದಿದ್ದಾನೆ. ರಾಜನು ಕಳುಹಿಸಿದ ಸೆಂದಾ ಎಂಬ ಸುಂದರಿ ಅವನಿಗೆ ಮದ್ಯ ಕುಡಿಸಿ ನೃತ್ಯ ಮಾಡುತ್ತಾಳೆ. ಅವನೂ ಎದ್ದು ಅವಳೊಡನೆ ಹೆಜ್ಜೆ ಹಾಕಿ, ಮತ್ತೇರಿ ಮಲಗುತ್ತಾನೆ. ಬಂಡೆ ಸೀಳಿ ನಾಗದೇವತೆಗಳು ಹೊರಬಂದು ಮಳೆ ಸುರಿಸುತ್ತಾರೆ. ಸೆಂದಾ ಎಂಬ ಹೆಸರಿನಲ್ಲಿ ನಮ್ಮ ಶಾಂತೆಯ ಹೆಸರಿನ ದನಿ ಕೇಳಿಸುತ್ತದೆ.

ಕಬುಕಿ ರಂಗವು ಮುನಿಯನ್ನು ಭಾರತದಿಂದ ಬಿಡಿಸಿ ಜಪಾನಿನವನನ್ನಾಗಿಯೇ ಮಾಡಿತು. 1742ರಲ್ಲಿ ಒಸಾಕಾದಲ್ಲಿ ಎರಡನೆಯ ಇಚಿಕಾವಾ ದಾಂಜೂರೊ ಅಭಿನಯಿಸಿದ ದೀರ್ಘ ನಾಟಕವೊಂದರ ಅಂಕವಾಗಿದ್ದ 'ನಾರುಕಾಮಿ' ಇಂದಿಗೂ ಸ್ವತಂತ್ರವಾಗಿ ಪ್ರದರ್ಶನಗೊಳ್ಳುತ್ತದೆ. ಇಲ್ಲಿ ಮುನಿಯು ಕ್ಯೋಟೋದ ಉತ್ತರದ ಬೆಟ್ಟಗಳಲ್ಲಿರುವ ಬೌದ್ಧ ಭಿಕ್ಷು. ಚಕ್ರವರ್ತಿಗೆ ಗಂಡುಸಂತಾನವಾಗಲೆಂದು ಪ್ರಾರ್ಥಿಸಿ ಫಲ ದೊರಕಿಸಿಕೊಟ್ಟರೂ ಕೊಟ್ಟ ಮಾತನ್ನು ರಾಜಸಭೆ ಉಳಿಸಿಕೊಳ್ಳುವುದಿಲ್ಲ. ಕೆರಳಿದ ನಾರುಕಾಮಿ ಮಳೆಯ ನಾಗದೇವತೆಗಳನ್ನು ಜಲಪಾತದ ಮಡುವಿನಲ್ಲಿ ಬಂಧಿಸಿ, ಅಡ್ಡಲಾಗಿ ಪವಿತ್ರವಾದ ಹಗ್ಗವನ್ನು ಕಟ್ಟುತ್ತಾನೆ. ಸಂತಾನಕ್ಕಾಗಿ ಪ್ರಾರ್ಥಿಸುವ ಮುನಿಯನ್ನು ಕಂಡಾಗ ಕನ್ನಡದ ಓದುಗನಿಗೆ ದಶರಥನ ಯಜ್ಞಶಾಲೆ ನೆನಪಾಗದಿರದು.

ರಾಜಸಭೆ ಕಳುಹಿಸುವ ರಾಜಕುಮಾರಿಯ ಹೆಸರು ತಾಯೆಮಾ. ಮೋಡಗಳ ನಡುವಿನ ಬಿರುಕು ಎಂದು ಅದರ ಅರ್ಥ. ನಾರುಕಾಮಿ ಎಂದರೆ ಗುಡುಗಿನ ದೇವತೆ. ಹೊಟ್ಟೆನೋವಿನ ನಟನೆ ಮಾಡಿ ಅವನನ್ನು ಹತ್ತಿರ ಕರೆದುಕೊಂಡ ಆಕೆ, ಮದುವೆಯ ಹೆಸರಿನಲ್ಲಿ ಮದ್ಯ ಕುಡಿಸಿ ಮಲಗಿಸಿ, ಬಂಡೆ ಹತ್ತಿ ಹಗ್ಗವನ್ನು ಕತ್ತರಿಸುತ್ತಾಳೆ. ನಾಗಗಳು ಮೇಲೇರಿ ಮಳೆ ಸುರಿಯುತ್ತದೆ. ಎಚ್ಚರಗೊಂಡ ಭಿಕ್ಷುವಿನ ಕೂದಲು ನಿಮಿರಿ, ಉಡುಪು ಜ್ವಾಲೆಯಂತಾಗಿ, ಅವನು ಅಬ್ಬರಿಸುತ್ತ ಬೆನ್ನಟ್ಟಿ ಹೋಗುತ್ತಾನೆ. ಯಕ್ಷಗಾನದ ಬಣ್ಣದ ವೇಷದ ಪ್ರವೇಶವನ್ನು ಕಂಡವರಿಗೆ ಈ ದೃಶ್ಯದ ರಭಸ ಅಪರಿಚಿತವೆನಿಸದು. ಬಹುಕಾಲ ಪ್ರದರ್ಶನದಿಂದ ದೂರ ಉಳಿದಿದ್ದ ಈ ಕೃತಿಗೆ 1910ರಲ್ಲಿ ಎರಡನೆಯ ಇಚಿಕಾವಾ ಸದಾಂಜಿ ಮರುಜೀವ ಕೊಟ್ಟನು.

ಕನ್ನಡದಲ್ಲಿ ಚಂದ್ರಶೇಖರ ಕಂಬಾರರು 'ಋಷ್ಯಶೃಂಗ' ನಾಟಕದಲ್ಲಿ ಇದೇ ಪುರಾಣವನ್ನು ಬರ ಬಿದ್ದ ಹಳ್ಳಿಯೊಂದಕ್ಕೆ ತಂದರು. ನಾರುಕಾಮಿಯನ್ನು ಕಟ್ಟಿದವರೂ ಕಂಬಾರರೂ ಪರಸ್ಪರ ದೂರದವರು. ಪುರಾಣದ ಮುನಿಯನ್ನು ತಮ್ಮ ಊರಿನವನನ್ನಾಗಿ ಮಾಡಿಕೊಳ್ಳುವ ದಾರಿ ಮಾತ್ರ ಒಂದೇ.

ಕ್ಯೋಟೋದಿಂದ ಮಲ್ಪೆಗೆ

ಋಷ್ಯಶೃಂಗನಿಗೆ ಆಶ್ರಯ ಕೊಟ್ಟ ಕೊಂಜಾಕು ಸಂಗ್ರಹವೇ ಇನ್ನೊಂದು ದಾರಿಯಿಂದ ಕರ್ನಾಟಕಕ್ಕೆ ಕಥೆಯೊಂದನ್ನು ಮರಳಿ ಕಳುಹಿಸಿದೆ. ಅದರ 29ನೆಯ ಭಾಗದಲ್ಲಿ ಹೆಂಡತಿಯೊಡನೆ ಪ್ರಯಾಣಿಸುವವನೊಬ್ಬನನ್ನು ದರೋಡೆಕೋರನು ಮರಕ್ಕೆ ಕಟ್ಟಿಹಾಕಿ, ಅವನ ಕಣ್ಣೆದುರೇ ಅವಳ ಮೇಲೆ ಅತ್ಯಾಚಾರ ಎಸಗುವ ಕಥೆಯಿದೆ. ಅಲ್ಲಿ ಕೊಲೆಯಿಲ್ಲ, ಸಾಕ್ಷಿಗಳ ವಿರೋಧವೂ ಇಲ್ಲ. 1922ರಲ್ಲಿ ರ್ಯೂನೊಸುಕೆ ಅಕುತಾಗಾವಾ ಅದನ್ನು ಎತ್ತಿಕೊಂಡು, ಗಂಡನ ಸಾವನ್ನೂ ಒಂದಕ್ಕೊಂದು ಹೊಂದದ ಹೇಳಿಕೆಗಳನ್ನೂ ಸೇರಿಸಿ ಸಣ್ಣಕಥೆಯೊಂದನ್ನು ಬರೆದನು. ಅಕಿರಾ ಕುರೋಸಾವಾ 1950ರಲ್ಲಿ ಅದಕ್ಕೆ ಅದೇ ಲೇಖಕನ 1915ರ 'ರಾಶೊಮೊನ್' ಕಥೆಯ ಪಾಳುಬಿದ್ದ ನಗರದ್ವಾರವನ್ನು ಹೊಂದಿಸಿ ಚಿತ್ರ ಮಾಡಿದರು. 1951ರಲ್ಲಿ ವೆನಿಸ್ ಚಿತ್ರೋತ್ಸವದ ಸ್ವರ್ಣಸಿಂಹ ಪ್ರಶಸ್ತಿ ಪಡೆದ 'ರಾಶೊಮೊನ್', ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ಹೇಳುವ ಕ್ರಮಕ್ಕೆ ಜಗತ್ತಿನಾದ್ಯಂತ ತನ್ನ ಹೆಸರನ್ನೇ ಕೊಟ್ಟಿತು.

ಆ ಕ್ರಮದಲ್ಲಿ ಹೆಣೆದ ಕನ್ನಡ ಚಿತ್ರ 2014ರ 'ಉಳಿದವರು ಕಂಡಂತೆ'. ರಕ್ಷಿತ್ ಶೆಟ್ಟಿ ನಿರ್ದೇಶನದ ಈ ಚಿತ್ರದ ಕಥೆ ನಡೆಯುವುದು ಮಲ್ಪೆಯ ಕಡಲತೀರದಲ್ಲಿ, ಅಷ್ಟಮಿಯ ಹುಲಿವೇಷದ ಸಂಭ್ರಮದ ನಡುವೆ. ಶೃಂಗೇರಿಯಿಂದ ಆಗುಂಬೆ ಘಟ್ಟವನ್ನಿಳಿದು ಹೋದರೆ ಕೆಲವೇ ಗಂಟೆಗಳಲ್ಲಿ ಮಲ್ಪೆ ಸಿಗುತ್ತದೆ. ಘಟ್ಟದ ಮೇಲಿನವರ ಮುನಿಯನ್ನು ಕಾಪಿಟ್ಟ ಗ್ರಂಥದಿಂದಲೇ ಘಟ್ಟದ ಕೆಳಗಿನ ಚಿತ್ರದ ಬೀಜವೂ ಬಂದಿತು. ಎರಡರ ನಡುವೆ ಚೀನಾ, ಕ್ಯೋಟೊ ಹಾಗೂ ಅನೇಕ ಶತಮಾನಗಳಿವೆ.

ಪುರಾಣ ಯಾರದು?

ಇಂಥ ಮರುಕಥನಗಳು ಯಾವಾಗಲೂ ಸುಗಮವಾಗಿ ನಡೆದಿಲ್ಲ. ಜಪಾನಿನ ಯೂಗೊ ಸಾಕೊ 1980ರ ದಶಕದಲ್ಲಿ ರಾಮಾಯಣವನ್ನು ಅನಿಮೆ ಚಿತ್ರವಾಗಿಸಲು ಹೊರಟಾಗ, ವಿದೇಶೀಯರು ರಾಮನನ್ನು ಕಾರ್ಟೂನ್ ಮಾಡುವುದು ಸರಿಯೇ ಎಂಬ ಆಕ್ಷೇಪ ಭಾರತದಲ್ಲಿ ಎದ್ದಿತು. ಕೊನೆಗೆ ಭಾರತದ ರಾಮ್ ಮೋಹನ್ ಅವರ ಸಹಭಾಗಿತ್ವದಲ್ಲಿ ಚಿತ್ರ ಸಿದ್ಧವಾಗಿ, 1993ರ ಜನವರಿಯಲ್ಲಿ ದೆಹಲಿಯ ಚಿತ್ರೋತ್ಸವದಲ್ಲಿ ತೆರೆಕಂಡಿತು. ಮುಂದೆ ದೂರದರ್ಶನದ ವಾಹಿನಿಗಳಲ್ಲಿ ಮತ್ತೆ ಮತ್ತೆ ಪ್ರಸಾರವಾಗಿ ಒಂದು ತಲೆಮಾರಿನ ಮಕ್ಕಳ ಮೆಚ್ಚಿನ ರಾಮಾಯಣವಾದ ಈ ಚಿತ್ರವು 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಲ್ಲಿ ಮರುಬಿಡುಗಡೆಗೊಂಡಿತು.

ಋಷ್ಯಶೃಂಗನನ್ನು ಜಪಾನೀಯರು ನಗೆಗೀಡು ಮಾಡಿದರೆಂದು ಇಂದು ಯಾರಾದರೂ ದೂರಬಹುದು. ಆದರೆ ಆ ಮುನಿಯ ಕಥೆಯನ್ನು ಮೊದಲು ತಿರುಗಿಸಿ ಹೇಳಿದವರು ಭಾರತದ ಜಾತಕಕಾರರೇ. ಪುರಾಣದ ಮಾತನ್ನು ಬದಲಿಸಿದರೆ ಪುರಾಣ ಕೆಡುವುದೆಂಬ ನಿಯಮವನ್ನು ಹಿಂದಿನವರು ಪಾಲಿಸಿದ್ದರೆ ಕಬುಕಿಗೆ ನಾರುಕಾಮಿ ದೊರೆಯುತ್ತಿರಲಿಲ್ಲ, ಪೇಟೆಯ ಬೀದಿಗಳಿಗೆ ಕರಗವೂ ಬರುತ್ತಿರಲಿಲ್ಲ. ಕಿಗ್ಗದಲ್ಲಿ ಮಳೆಗಾಗಿ ಕೈಮುಗಿಯುವ ರೈತನ ಋಷ್ಯಶೃಂಗನಿಗೆ ಇದರಿಂದ ಯಾವ ಕುಂದೂ ಆಗಿಲ್ಲ. ಜಪಾನಿನ ಕಲ್ಪಿತ ಲೋಕಗಳನ್ನು ಮೆಚ್ಚಿ ನೋಡುವ ಕನ್ನಡದ ಯುವಜನರು, ಅಲ್ಲಿನ ಕಥೆಗಾರರು ತಮ್ಮ ಕೊಜಿಕಿಯೊಡನೆ ವಹಿಸಿದ ಸ್ವಾತಂತ್ರ್ಯವನ್ನೇ ತಮ್ಮ ಸೀಮೆಯ ಸ್ಥಳಪುರಾಣಗಳೊಡನೆ ವಹಿಸಿ ಬರೆಯಲು ತೊಡಗಿದರೆ ಅವರಿಗೆ ವಸ್ತುವಿನ ಕೊರತೆಯೇನೂ ಇಲ್ಲ.

ಕಾಲಸೂಚಿ

402–406: ಕುಮಾರಜೀವನಿಂದ ಚೀನೀ ಅನುವಾದ, ಒಂದು ಕೊಂಬಿನ ಮುನಿಯ ಕಥೆ ಚೀನಾ ತಲುಪಿತು.
712: ಕೊಜಿಕಿ.
720: ನಿಹೊನ್ ಶೋಕಿ.
12ನೆಯ ಶತಮಾನದ ಆದಿ: ಕೊಂಜಾಕು ಮೊನೊಗತಾರಿಶೂ.
1742: ಒಸಾಕಾದಲ್ಲಿ ನಾರುಕಾಮಿ ಅಂಕವುಳ್ಳ ಕಬುಕಿ ನಾಟಕ.
1910: ನಾರುಕಾಮಿಯ ಮರುಪ್ರದರ್ಶನ.
1950: ಕುರೋಸಾವಾ ಅವರ ರಾಶೊಮೊನ್.
1993: ದೆಹಲಿಯಲ್ಲಿ ಭಾರತ–ಜಪಾನ್ ರಾಮಾಯಣ ಚಿತ್ರದ ಪ್ರದರ್ಶನ.
1997: ಪ್ರಿನ್ಸೆಸ್ ಮೊನೊನೊಕೆ.
2006: ಓಕಾಮಿ ವಿಡಿಯೋ ಗೇಮ್.
2014: ಉಳಿದವರು ಕಂಡಂತೆ.